ಫೋನು ಅವರ ಕೈಯಲ್ಲೇ ಇರಲಿ

ಈಗ ಬಹಳಷ್ಟು ಕಾಲೇಜುಗಳಲ್ಲಿ ಮೆಸ್ಸಿನ ಅಕ್ಕಂದಿರು, ಸೆಕ್ಯೂರಿಟಿ ಅಣ್ಣಂದಿರು, ಹೌಸ್‌ಕೀಪಿಂಗ್‌ನವರಿಗೆ ಡಿಜಿಟಲ್ ಸಾಕ್ಷರತಾ ಶಿಬಿರ ನಡೆಯುತ್ತೆ. ಒಳ್ಳೇ ಕೆಲಸ. ಆದರೆ ಶಿಬಿರ ಅಂದ ಕೂಡಲೇ ನಮ್ಮಂಥ ಇಂಜಿನಿಯರಿಂಗ್ ಹುಡುಗ-ಹುಡುಗಿಯರ ತಲೆಗೆ ಬರೋದು ಪಿಪಿಟಿ. ಮೊದಲ ಸ್ಲೈಡಲ್ಲಿ ಯುಪಿಐ ಅಂದ್ರೆ ಏನು, ಎರಡನೇದರಲ್ಲಿ 2016ರಲ್ಲಿ ಎನ್‌ಪಿಸಿಐ ಅದನ್ನು ಶುರು ಮಾಡಿದ ಕತೆ. ಹತ್ತನೇ ಸ್ಲೈಡು ಬರೋ ಹೊತ್ತಿಗೆ, ಬೆಳಗ್ಗೆ ಐದಕ್ಕೇ ಎದ್ದು ಇಡ್ಲಿ ಬೇಯಿಸಿದವರು ತೂಕಡಿಸದೆ ಇನ್ನೇನು ಮಾಡಬೇಕು? ಶಿಬಿರ ಬೇಕು, ಪಿಪಿಟಿ ಬೇಡ ಅನ್ನೋದು ನಮ್ಮ ಅಭಿಪ್ರಾಯ.

ನಮಗಾದ್ರೆ ಇಂಟರ್ನಲ್ಸ್ ಇದೆ, ಅರ್ಥವಾಗದಿದ್ರೂ ಉರು ಹೊಡೀತೀವಿ. ದೊಡ್ಡವರಿಗೆ ಆ ಭಯ ಇಲ್ಲ. ಇವತ್ತು ಕಲಿತಿದ್ದು ಇವತ್ತು ಸಂಜೆ ಉಪಯೋಗಕ್ಕೆ ಬರುತ್ತಾ ಅಂತ ನೋಡ್ತಾರೆ. ಬ್ರೆಜಿಲ್‌ನ ಪಾವ್ಲೊ ಫ್ರೇರಿ 1963ರಲ್ಲಿ ಆಂಜಿಕೋಸ್ ಎಂಬ ಊರಿನ ಸುಮಾರು 300 ಜನ ದುಡಿಯುವವರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸಲು ಹೊರಟರು. ಅಕ್ಷರಮಾಲೆ ಬದಿಗಿಟ್ಟು, ಆ ಜನ ದಿನಾ ಆಡುವ ಪದಗಳಿಂದಲೇ ಪಾಠ ಶುರು ಮಾಡಿದರು.

ನಮ್ಮ ಪಾಠವೂ ಹಾಗೇ ಒಂದು ಪ್ರಶ್ನೆಯಿಂದ ಶುರುವಾಗಲಿ: “ಅಕ್ಕಾ, ಫೋನಲ್ಲಿ ನಿಮಗೆ ಏನು ಕಷ್ಟ ಆಗ್ತಿದೆ?” ಒಬ್ಬರಿಗೆ ಊರಲ್ಲಿರೋ ಅಮ್ಮನಿಗೆ ದುಡ್ಡು ಕಳಿಸಬೇಕು, ಇನ್ನೊಬ್ಬರಿಗೆ ಗೃಹಲಕ್ಷ್ಮಿ ಹಣ ಬಂತಾ ಅಂತ ನೋಡಬೇಕು. ನಾಲ್ಕೈದು ಜನಕ್ಕೆ ಒಬ್ಬ ವಾಲಂಟಿಯರ್ ಕೂತರೆ ಸಾಕು. ಸಮಯವೂ ಅವರದ್ದೇ ಆಗಿರಲಿ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ.

ಇಲ್ಲಿ ಬಾಯಿಗೆ ಬರಲೇಬಾರದ ಮಾತೊಂದಿದೆ: “ಕೊಡಿ ಇಲ್ಲಿ, ನಾನೇ ಮಾಡ್ಕೊಡ್ತೀನಿ.” ಟೈಮ್ ಉಳಿಯುತ್ತೆ ನಿಜ. ಆದರೆ ಫೋನ್ ಇಸ್ಕೊಂಡು, ಪಿನ್ ಕೇಳಿ, ನಾವೇ ಒತ್ತಿದರೆ ಅವರು ಕಲಿಯೋದು ಒಂದೇ: ನಯವಾಗಿ ಮಾತಾಡೋ, ಓದಿದವರ ಹತ್ರ ಪಿನ್ ಹೇಳಬಹುದು. ನಾಳೆ “ಬ್ಯಾಂಕಿಂದ ಮಾತಾಡ್ತಿದೀನಿ” ಅಂತ ಫೋನ್ ಮಾಡೋ ಕಳ್ಳನೂ ಹಾಗೇ ನಯವಾಗಿ ಮಾತಾಡ್ತಾನೆ. ಹೋಗೋದು ಅವರ ಇಡೀ ತಿಂಗಳ ಸಂಬಳ.

ಅದಕ್ಕೆ ಫೋನು ಅವರ ಕೈಯಲ್ಲೇ ಇರಲಿ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರಿಂದೊಬ್ಬರಿಗೆ ಒಂದು ರೂಪಾಯಿ ಕಳಿಸೋಕೆ ಹೇಳೋಣ. ಪಿನ್ ಒತ್ತುವಾಗ ನಾವು ಮುಖ ಆ ಕಡೆ ತಿರುಗಿಸೋಣ. ಕಳಿಸಿದವರು ಪಿನ್ ಹಾಕಿದರು, ಪಡೆದವರು ಏನೂ ಒತ್ತಲಿಲ್ಲ. “ದುಡ್ಡು ಬರೋಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ” ಅನ್ನೋದನ್ನ ಹತ್ತು ಸಲ ಹೇಳೋದಕ್ಕಿಂತ ಆ ಒಂದು ರೂಪಾಯಿ ಚೆನ್ನಾಗಿ ಹೇಳುತ್ತೆ. ಹಾಗೇ ಸೈಬರ್ ವಂಚನೆಯ ಸಹಾಯವಾಣಿ 1930 ಅನ್ನು ಅವರ ಕೈಯಿಂದಲೇ ಸೇವ್ ಮಾಡಿಸೋಣ.

ಕೊನೆಗೆ “ಅರ್ಥ ಆಯ್ತಾ?” ಅಂತ ಕೇಳಬೇಡಿ. ಎಲ್ಲರೂ ತಲೆಯಾಡಿಸ್ತಾರೆ, ಕ್ಲಾಸಲ್ಲಿ ನಾವು ಆಡಿಸೋ ಹಾಗೇ. “ಪಕ್ಕದವರಿಗೆ ಹೇಳ್ಕೊಡಿ ನೋಡೋಣ” ಅನ್ನಿ. ಯಾರಿಗೆ ಎಷ್ಟು ಬಂತು ಅಂತ ಅಲ್ಲೇ ಗೊತ್ತಾಗುತ್ತೆ. ವಾರ ಬಿಟ್ಟು ಇನ್ನೊಮ್ಮೆ ಹೋಗಿ ವಿಚಾರಿಸಿ. ಗ್ರೂಪ್ ಫೋಟೋ ಆವತ್ತು ತೆಗೆಸಿಕೊಂಡರಾಯ್ತು.