ಮಗುವಿನಿಂದ ಮನೆಮಾತು ಕಿತ್ತುಕೊಳ್ಳಬೇಡಿ!

ಕನ್ನಡದ ತರುಣ ತರುಣಿಯರೇ,

ಮೂರು ತುಂಬುತ್ತಿರುವ ಮಗು. ‘ಅಮ್ಮಾ, ನೀರು’ ಎನ್ನಲು ಬಾರದು. ಆದರೆ ಅಪ್ಪ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟರೆ, ಥೇಟ್ ಟಿ.ವಿ.ಯ ದನಿಯಲ್ಲೇ ‘ಬ್ರೇಕ್ ಕೆ ಬಾದ್ ಮಿಲೇಂಗೆ’ ಎನ್ನುತ್ತದೆ! ಹೂಡಿಯಿಂದ ಕಾಡುಗೋಡಿಯವರೆಗೆ, ಮಹದೇವಪುರದ ಯಾವ ಬೀದಿಯಲ್ಲಾದರೂ ಇಂಥ ಮಗು ಇರಬಹುದು. ನೆಂಟರು ನಗುತ್ತಾರೆ. ‘ಎರಡು ಮೂರು ಭಾಷೆ ಕೇಳಿ ಮಗು ಗಲಿಬಿಲಿಗೊಂಡಿದೆ, ಬರೀ ಇಂಗ್ಲಿಷಿನಲ್ಲಿ ಮಾತಾಡಿಸಿ’ ಎಂದು ಅಕ್ಕಪಕ್ಕದವರು ಪುಕ್ಕಟೆ ಸಲಹೆ ಕೊಡುತ್ತಾರೆ. ಹೆದರಿದ ತಾಯಿ ಅಂದಿನಿಂದಲೇ ತನ್ನ ಕನ್ನಡಕ್ಕೆ ಬೀಗ ಹಾಕುತ್ತಾಳೆ.

ಇದು ಶುದ್ಧ ಅನ್ಯಾಯ! ಎರಡು ಭಾಷೆ ಕೇಳಿದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಆಟಿಸಂ ಇರುವ ಮಕ್ಕಳ ಮಟ್ಟಿಗೂ ಇದು ನಿಜ. ತಾಯಿ ತನಗೆ ಸರಾಗವಾಗಿ ಬಾರದ ಭಾಷೆಯಲ್ಲಿ ತಡವರಿಸಿದರೆ, ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಲಾಲಿ ಹೋಗುತ್ತದೆ, ಮುದ್ದು ಹೋಗುತ್ತದೆ, ಅಜ್ಜಿಯ ಕತೆಯೂ ಹೋಗುತ್ತದೆ.

ಮಗು ಹೇಳಿದ್ದು ಅರ್ಥವಿಲ್ಲದ ಗಿಣಿಪಾಠವೂ ಅಲ್ಲ. ಕೇಳಿದ್ದನ್ನು ಹಾಗೇ ನುಡಿಯುವ ಇದಕ್ಕೆ ತಜ್ಞರು ‘ಎಕೋಲೇಲಿಯಾ’ ಎನ್ನುತ್ತಾರೆ. ಮಾತು ಕಲಿಯುವ ಅನೇಕ ಮಕ್ಕಳಲ್ಲಿ ಇದು ಕೆಲಕಾಲ ಇರುತ್ತದೆ. ಆಟಿಸಂ ಇರುವವರಲ್ಲಿ ಹೆಚ್ಚು ಕಾಣುತ್ತದೆ. ಇಂಥ ಎರವಲು ಸಾಲುಗಳಲ್ಲಿ ಬೇಡಿಕೆ, ಉತ್ತರ, ಪ್ರತಿಭಟನೆ ಎಲ್ಲವೂ ಇರಬಲ್ಲವೆಂದು ಅಮೆರಿಕದ ಬ್ಯಾರಿ ಪ್ರೈಜಂಟ್ 1980ರ ದಶಕದಲ್ಲೇ ತೋರಿಸಿದರು. ಬಾಗಿಲಲ್ಲಿ ನಿಂತ ಮಗುವಿನ ‘ಬ್ರೇಕ್ ಕೆ ಬಾದ್’ ಎಂದರೆ ‘ಅಪ್ಪಾ, ಹೋಗಿ ಬಾ’ ಎಂದೇ ಇರಬಹುದು. ಗದರಬೇಡಿ, ನಗಬೇಡಿ. ‘ಹೂಂ ಕಂದಾ, ಹೋಗಿ ಬರ್ತೀನಿ’ ಎಂದು ಕನ್ನಡದಲ್ಲೇ ಉತ್ತರ ಕೊಡಿ.

ಹಾಗಾದರೆ ಕಾರ್ಟೂನು ಕನ್ನಡದಲ್ಲಿದ್ದರೆ ಸಾಕೇ? ಕನ್ನಡದಲ್ಲಿ ಇರಲೇಬೇಕು. ಡಬ್ಬಿಂಗಿಗೆ ಒಡ್ಡಿದ್ದ ತಡೆ ಕಾನೂನುಬಾಹಿರವೆಂದು ಸ್ಪರ್ಧಾ ಆಯೋಗವೇ 2015ರಲ್ಲಿ ಹೇಳಿತು. ಆದರೆ ಕನ್ನಡದ ಟಿ.ವಿ.ಯೂ ಮಗುವಿಗೆ ಮರುಮಾತು ಕೊಡುವುದಿಲ್ಲ! ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಾತಿಗೆ ಮನುಷ್ಯರೇ ಬೇಕು.

‘ಗಂಡುಮಕ್ಕಳು ತಡವಾಗಿಯೇ ಮಾತಾಡೋದು’ ಎಂದು ಸುಮ್ಮನೆ ಕೂರಲೂಬೇಡಿ. ಎರಡು ವರ್ಷಕ್ಕೆ ಎರಡು ಪದ ತಾನಾಗಿ ಕೂಡಿಸಿ ಆಡದಿದ್ದರೆ, ಬಂದ ಮಾತು ನಿಂತುಹೋದರೆ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ನಿಮ್ಹಾನ್ಸ್ ಇದೆ. ಪೂರ್ವ ಬೆಂಗಳೂರಿನವರಿಗೆ ಹೆಣ್ಣೂರು ರಸ್ತೆಯಲ್ಲೇ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಆಟಿಸಂ ಮತ್ತು ಮಾತಿನ ತೊಂದರೆ ಎರಡನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದೆ. ನೀವು ಕೇಳುವುದು ಭಿಕ್ಷೆಯಲ್ಲ, ಹಕ್ಕು!

ಗೆಳೆಯರೇ, ನವೆಂಬರ್ ಒಂದರಂದು ಬಾವುಟ ಹಾರಿಸಿದರೆ ಸಾಲದು. ಅಂಗನವಾಡಿಗೆ, ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ: ಮಾತಿನ ತಪಾಸಣೆ ಎಲ್ಲಿ? ಕನ್ನಡದಲ್ಲಿ ತರಬೇತಿ ಕೊಡುವವರು ಎಲ್ಲಿ? ಮನೆಮಾತು ತಮಿಳೋ ತೆಲುಗೋ ಉರ್ದುವೋ ಆದ ಮಗುವಿಗೂ ಇದೇ ನ್ಯಾಯ ಸಿಗಲಿ. ನಿಮ್ಮ ಬೀದಿಯ ಆ ತಾಯಿಗೆ ಇಂದೇ ಹೇಳಿ: ‘ಅಕ್ಕಾ, ತಪ್ಪು ನಿಮ್ಮ ಕನ್ನಡದ್ದಲ್ಲ. ಮಾತಾಡಿಸಿ. ಆಸ್ಪತ್ರೆಗೆ ನಾವೂ ಜೊತೆಗೆ ಬರ್ತೀವಿ.’