ಕಿಟ್ ಕೊಡಿ, ಮುಖ ಬಿಡಿ

ರಂಜಾನ್ ಬಂತೆಂದರೆ ರೇಷನ್ ಕಿಟ್‌ಗಳ ಜೊತೆಗೆ ಕ್ಯಾಮೆರಾಗಳೂ ಬರುತ್ತವೆ. ಒಂದು ಅಕ್ಕಿ ಚೀಲಕ್ಕೆ ಆರು ಕೈ. ನಡುವೆ ತಲೆ ತಗ್ಗಿಸಿ ನಿಂತ ಒಬ್ಬ ಹೆಂಗಸು. ಸಂಜೆಯೊಳಗೆ ಆ ಚಿತ್ರ ಆಕೆಯ ಮಗನ ಸಹಪಾಠಿಗಳ ಮೊಬೈಲಿನಲ್ಲೂ ಇರುತ್ತದೆ. ಇದನ್ನು ದಾನವೆನ್ನಲಾರೆ.

ಕುರ್‌ಆನಿನ ಎರಡನೇ ಅಧ್ಯಾಯ ಈ ವಿಷಯದಲ್ಲಿ ನಿಷ್ಠುರ. ಕೊಟ್ಟದ್ದನ್ನು ಎತ್ತಿ ಆಡಿ ಪಡೆದವರನ್ನು ನೋಯಿಸಿದರೆ ದಾನವೇ ವ್ಯರ್ಥ ಎನ್ನುತ್ತದೆ 264ನೇ ವಚನ. ಜನ ನೋಡಲೆಂದು ಕೊಡುವವನನ್ನು ಅದು ತೆಳುವಾಗಿ ಮಣ್ಣು ಕೂತ ಬಂಡೆಗೆ ಹೋಲಿಸುತ್ತದೆ: ಒಂದು ಜಡಿಮಳೆ ಸಾಕು, ಬರಿ ಕಲ್ಲು ಉಳಿಯುತ್ತದೆ.

'ನೋಡಿದವರಿಗೆ ಪ್ರೇರಣೆಯಾಗಲಿ ಎಂದು ಹಾಕುತ್ತೇವೆ' ಎನ್ನುವವರಿದ್ದಾರೆ. 271ನೇ ವಚನ ಬಹಿರಂಗ ದಾನವನ್ನೂ ಒಳ್ಳೆಯದೆನ್ನುತ್ತದೆ, ನಿಜ. ಆದರೆ ಬಡವರಿಗೆ ಗುಟ್ಟಾಗಿ ಕೊಡುವುದು ಅದಕ್ಕಿಂತ ಮೇಲು ಎಂದೂ ಅಲ್ಲೇ ಹೇಳುತ್ತದೆ. ಪ್ರೇರಣೆಯೇ ಉದ್ದೇಶವಾದರೆ ಲೆಕ್ಕಪತ್ರ ಪ್ರಕಟಿಸಿ; ಪಡೆದವರ ಮುಖವೇಕೆ?

ಇಮಾಮ್ ಹುಸೈನರ ಮಗ ಝೈನುಲ್ ಆಬಿದೀನ್ ಮದೀನಾದಲ್ಲಿ ಇರುಳು ಹೊತ್ತು ಚೀಲ ಹೊತ್ತು ಬಡವರ ಮನೆಗಳಿಗೆ ಮುಟ್ಟಿಸುತ್ತಿದ್ದರಂತೆ. ಕೊಡುತ್ತಿದ್ದವರು ಯಾರೆಂದು ಜನರಿಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಒಟ್ಟೋಮನ್ ಕಾಲದ ಇಸ್ತಾಂಬುಲಿನಲ್ಲಿ ದಾನದ ಕಲ್ಲುಕಂಬಗಳಿದ್ದವು. ಕಂಬದ ತುದಿಯ ಗುಳಿಯಲ್ಲಿ ಒಬ್ಬರು ಹಣವಿಟ್ಟು ಹೋಗುತ್ತಿದ್ದರು, ಬೇಕಾದವರು ಬಂದು ತೆಗೆದುಕೊಳ್ಳುತ್ತಿದ್ದರು. ಇವರಿಗೆ ಅವರ ಗುರುತಿಲ್ಲ, ಅವರಿಗೆ ಇವರದಿಲ್ಲ.

ಝಕಾತ್ ಅಂತೂ ಔದಾರ್ಯವೇ ಅಲ್ಲ. ನಿಗದಿತ ಮಿತಿ ಮೀರಿ ವರ್ಷವಿಡೀ ಉಳಿದ ಸಂಪತ್ತಿನಲ್ಲಿ ಶೇ. 2.5ರಷ್ಟು ಇಲ್ಲದವರ ಹಕ್ಕು. ಸಾಲ ತೀರಿಸುವವನು ಸಾಲ ಕೊಟ್ಟವನನ್ನು ಸಾಲಿನಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾನೆಯೇ?