ಭಕ್ಷೀಸು: ಕೃತಜ್ಞತೆಯೋ, ಕಡ್ಡಾಯವೋ?

ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ವಿವಾಹದ ರಜತೋತ್ಸವ ಮುಂತಾದ ಸಂತಸದ ದಿನಗಳಲ್ಲಿ ಮನೆಮಂದಿಯೆಲ್ಲ ಹೋಟೆಲಿಗೆ ತೆರಳಿ ಉಣ್ಣುವ ರೂಢಿ ನಮ್ಮ ಕುಟುಂಬಗಳಲ್ಲಿ ಬೆಳೆದಿದೆ. ಊಟ ಮುಗಿದು ಸೋಂಪಿನ ತಟ್ಟೆಯೊಡನೆ ಬಿಲ್ಲು ಬಂದಾಗ ಮೇಜಿನ ಸುತ್ತ ಪಿಸುಮಾತು ಏಳುತ್ತದೆ: ‘ಬಡಿಸಿದವರಿಗೆ ಎಷ್ಟು ಕೊಡೋಣ?’ ಹಿರಿಯರು ಇಪ್ಪತ್ತು ರೂಪಾಯಿ ಸಾಕೆನ್ನುತ್ತಾರೆ. ಅಮೆರಿಕದಿಂದ ರಜೆಗೆ ಬಂದ ಮಗ ನೂರಕ್ಕೆ ಇಪ್ಪತ್ತು ಎನ್ನುತ್ತಾನೆ. ಬಿಲ್ಲಿನಲ್ಲೇ ಸೇವಾಶುಲ್ಕ ಸೇರಿದೆಯಲ್ಲ ಎಂದು ಮತ್ತೊಬ್ಬರು ಕೈ ಹಿಂತೆಗೆಯುತ್ತಾರೆ. ಈ ಮೂರು ಮಾತುಗಳನ್ನೂ ತೂಗಿ ನೋಡುವುದು ಒಳಿತು.

ಮೊದಲಿಗೆ ಸೇವಾಶುಲ್ಕದ ವಿಚಾರ. ಇದು ಸರಕಾರದ ತೆರಿಗೆಯಲ್ಲ. ಜಿ.ಎಸ್.ಟಿ. ಸರಕಾರಕ್ಕೆ ಸಲ್ಲುತ್ತದೆ, ಸೇವಾಶುಲ್ಕ ಹೋಟೆಲಿನ ಗಲ್ಲಾಪೆಟ್ಟಿಗೆ ಸೇರುತ್ತದೆ. ಅದರಲ್ಲಿ ಬಡಿಸಿದವರ ಪಾಲೆಷ್ಟೆಂಬುದು ಗಿರಾಕಿಗೆ ತಿಳಿಯದು. ಇದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಉದ್ಯಮದ ಸಂಘಗಳು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಲೇರಿ ಅದೇ ತಿಂಗಳಲ್ಲಿ ತಡೆಯಾಜ್ಞೆ ಪಡೆದವು. ಆದರೆ 2025ರ ಮಾರ್ಚ್ 28ರಂದು ನ್ಯಾಯಾಲಯವು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಗಿರಾಕಿ ಸ್ವಇಚ್ಛೆಯಿಂದ ಕೊಡುವುದಕ್ಕೆ ಅಡ್ಡಿಯಿಲ್ಲ. ಬಲವಂತದಿಂದ ವಸೂಲು ಮಾಡುವುದು ಸಲ್ಲದು ಎಂಬುದೇ ತೀರ್ಪಿನ ಸಾರ. ಈ ತೀರ್ಪಿನ ವಿರುದ್ಧ ಅದೇ ವರ್ಷ ಮೇಲ್ಮನವಿಯೂ ಸಲ್ಲಿಕೆಯಾಯಿತು. ಶುಲ್ಕ ಸೇರಿಸಿದ್ದರೆ ತೆಗೆಯುವಂತೆ ವಿನಯದಿಂದ ಕೇಳಬಹುದು; ಒಪ್ಪದಿದ್ದಲ್ಲಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ನೀಡಬಹುದು.

ಇನ್ನು ಮಗನ ಮಾತು. ಅಮೆರಿಕದಲ್ಲಿ ಬಿಲ್ಲಿನ ಶೇಕಡಾ 15ರಿಂದ 20ರಷ್ಟು ಕೊಡುವುದು ವಾಡಿಕೆ ನಿಜ. ಅದಕ್ಕೆ ಕಾರಣ ಅಲ್ಲಿನ ಕಾನೂನಿನಲ್ಲಿದೆ. ಭಕ್ಷೀಸು ಪಡೆಯುವ ನೌಕರನಿಗೆ ಮಾಲಕನು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕೆಂಬ ಒಕ್ಕೂಟ ಸರಕಾರದ ನಿಯಮ 1991ರಿಂದ ಬದಲಾಗಿಲ್ಲ. ಭಕ್ಷೀಸೂ ಸೇರಿ 7.25 ಡಾಲರ್ ಆಗದಿದ್ದರೆ ಮಾತ್ರ ಕೊರತೆಯನ್ನು ಮಾಲಕ ತುಂಬಬೇಕು. ಕ್ಯಾಲಿಫೋರ್ನಿಯದಂತಹ ಕೆಲವು ರಾಜ್ಯಗಳು ಈ ಕಡಿತವನ್ನು ಒಪ್ಪಿಲ್ಲವಾದರೂ, ಅನೇಕ ಕಡೆ ಗಿರಾಕಿಯ ಕಿಸೆಯೇ ನೌಕರನ ಸಂಬಳದ ಮೂಲ. ನಮ್ಮ ದೇಶದಲ್ಲಿ ಭಕ್ಷೀಸಿನ ಲೆಕ್ಕ ಹಿಡಿದು ಕನಿಷ್ಠ ವೇತನವನ್ನು ಇಳಿಸುವ ಇಂತಹ ವ್ಯವಸ್ಥೆಯಿಲ್ಲ. ಆದುದರಿಂದ ಅಲ್ಲಿನ ಅಳತೆಗೋಲು ಇಲ್ಲಿಗೆ ಹೊಂದದು.

ದುಡಿಮೆಗಾರನ ಕೂಲಿ ಅವನು ಮಿತವಾಗಿ ಬಾಳಲಾದರೂ ಸಾಲುವಂತಿರಬೇಕೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಬೋಧಿಸಿದ್ದರು. ಆ ಹೊಣೆ ಮಾಲಕರದು. ಕೂಲಿ ಹಕ್ಕು, ಭಕ್ಷೀಸು ಕೃತಜ್ಞತೆ. ಒಂದರ ಸ್ಥಾನವನ್ನು ಇನ್ನೊಂದು ಕಸಿಯಬಾರದು.

ಹಾಗೆಂದು ಕೃತಜ್ಞತೆಯಲ್ಲಿ ಜಿಪುಣತನ ತೋರುವುದೂ ತರವಲ್ಲ. ಹಿಂದೆ ತಟ್ಟೆಯಲ್ಲಿ ಉಳಿದ ಚಿಲ್ಲರೆಯೇ ಬಡಿಸಿದವರ ಪಾಲಾಗುತ್ತಿತ್ತು. ಇಂದು ಮೊಬೈಲಿನಲ್ಲಿ ಪೈಸೆ ಪೈಸೆಯ ಲೆಕ್ಕ ಸಂದಾಯವಾಗುವಾಗ ತಟ್ಟೆ ಬರಿದಾಗಿಯೇ ಮರಳುತ್ತದೆ. ನಮಗಿದು ಅನುಕೂಲ, ದಿನವಿಡೀ ನಿಂತು ದುಡಿಯುವವರಿಗೆ ನಷ್ಟ.

ಎಷ್ಟು ಕೊಡಬೇಕೆಂಬುದಕ್ಕೆ ಕಾನೂನಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಕುಳ್ಳಿರಿಸಿ ಬಡಿಸುವ ಹೋಟೆಲಿನಲ್ಲಿ ಬಿಲ್ಲಿನ ಶೇಕಡಾ 5ರಿಂದ 10ರಷ್ಟು ಹಿತವಾದುದು. ಸಣ್ಣ ಹೋಟೆಲಿನಲ್ಲಿ ಹತ್ತು, ಇಪ್ಪತ್ತರ ನೋಟು. ನಾವೇ ಟೋಕನ್ ಪಡೆದು ನಿಂತು ತಿನ್ನುವ ದರ್ಶಿನಿಗಳಲ್ಲಿ ಕೊಡಬೇಕೆಂದಿಲ್ಲ. ಅಡುಗೆಮನೆಯ ವಿಳಂಬಕ್ಕೆ ಬಡಿಸುವವರನ್ನು ದಂಡಿಸಬಾರದು. ದೊಡ್ಡ ಬಳಗ ಉಂಡೆದ್ದಾಗ ಮೇಜು ಒರೆಸುವವರನ್ನೂ ನೆನೆಯಬೇಕು. ಮುಖ್ಯವಾಗಿ, ಬಿಲ್ಲಿನಿಂದ ಸೇವಾಶುಲ್ಕ ತೆಗೆಸಿ ಉಳಿಸಿದ ಹಣದಲ್ಲಿ ಒಂದಂಶವಾದರೂ ಬಡಿಸಿದವರ ಕೈಗೆ ನೇರವಾಗಿ ಸೇರಲಿ. ಅದನ್ನು ಪೂರ್ತಿ ಕಿಸೆಗಿಳಿಸಿಕೊಂಡರೆ ನಾವು ಗೆದ್ದದ್ದು ಹಕ್ಕಿನ ವಾದವಲ್ಲ, ಬರಿಯ ಚೌಕಾಸಿ.

ಮುಂದಿನ ಸಲ ಮಕ್ಕಳೊಡನೆ ಹೋಟೆಲಿಗೆ ಹೋದಾಗ, ಆ ನೋಟನ್ನು ಮಗುವಿನ ಕೈಯಿಂದಲೇ ಕೊಡಿಸೋಣ. ಜೊತೆಗೆ ಒಂದು ವಂದನೆಯ ಮಾತನ್ನೂ ಆಡಿಸೋಣ. ಬಡಿಸಿದವರ ಮುಖ ನೋಡಿ ಮಾತಾಡಲು ಕಲಿತ ಮಗು, ದೊಡ್ಡದಾಗಿ ನಾಲ್ಕು ಜನರಿಗೆ ಕೆಲಸ ಕೊಡುವಂತಾದಾಗ ಅವರ ಕೂಲಿಯನ್ನು ತಡೆಹಿಡಿಯಲಾರದು.